ಎರಡನೆಯ ಸಲ ಕೇಳದವರು

ಅವಳ ಎಡಗೈಯ ಮಣಿಕಟ್ಟಿನಲ್ಲಿ, ವಾಚಿನ ಪಟ್ಟಿಯ ಅಂಚಿಗೆ, ಬಿಳಿ ಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು. ಚಪ್ಪಲಿ ಕಳಚಲು ಬಗ್ಗಿದಾಗ ಅದರ ಒಂದು ಚೂರು ಉದುರಿ ಬಾಗಿಲ ಬಳಿಯ ಕಾಲೊರಸಿನ ಮೇಲೆ ಬಿತ್ತು. ಅವಳು ಗಮನಿಸಲಿಲ್ಲ. ನಾನು ಗಮನಿಸಿದೆ.

"ಗೊತ್ತುಂಟಾ, ಅಜ್ಜಿ ಇವತ್ತು ನನ್ನ ಕೈಯಲ್ಲೇ ಹಿಟ್ಟು ಕಲಸಿಸಿದ್ರು," ಎಂದಳು. "ಮೆಕ್ಕೆಜೋಳದ್ದು. ನಮ್ಮ ಅಕ್ಕಿರೊಟ್ಟಿ ಹಾಗೆ ತಟ್ಟುವುದು ಮಾರಾಯ್ತಿ, ಸ್ವಲ್ಪ ದಪ್ಪ ಅಷ್ಟೆ. ನಾನು ತಟ್ಟಿದ್ದು ಕುವೈತ್ ಮ್ಯಾಪಿನ ಹಾಗೆ ಬಂತು. ಅಜ್ಜಿ ನಗಾಡಿ ನಗಾಡಿ ಸಾಕಾಯ್ತು."

ನಾನು "ಹೌದಾ" ಎಂದಷ್ಟೇ ಹೇಳಿ ಪುಸ್ತಕದ ಕಡೆ ತಿರುಗಿದೆ. ಆ ಹಿಟ್ಟು ನನ್ನ ಕೈಗೆ ಅಂಟಬೇಕಾಗಿತ್ತು.

ಅವಳು ನನ್ನ ಅತ್ತಿಗೆಯ ತಂಗಿ, ಮಂಗಳೂರಿನ ಕಡೆಯವಳು. ನಾನು ಮೈಸೂರಿನವಳು. ಎಂಜಿನಿಯರ್ ಆಗಿರುವ ನನ್ನ ಅಣ್ಣ ಕುವೈತಿನ ಸಾಲ್ಮಿಯಾದಲ್ಲಿ ಮನೆ ಮಾಡಿಕೊಂಡಿದ್ದಾನೆ. ಅಡುಗೆಮನೆಯ ಕಿಟಕಿಯಿಂದ ಎರಡು ಕಟ್ಟಡಗಳ ನಡುವೆ ಒಂದು ಪಟ್ಟಿಯಷ್ಟು ಸಮುದ್ರ ಕಾಣುತ್ತದೆ. ಸ್ನಾತಕೋತ್ತರ ಓದಿಗೆಂದು ನಾನು ಅಲ್ಲಿಗೆ ಬಂದ ವರ್ಷವೇ ಅವಳೂ ಅದೇ ಕಾಲೇಜಿಗೆ ಸೇರಲು ಬಂದಳು. ಇಬ್ಬರಿಗೂ ಒಂದೇ ಕೋಣೆ. ಎರಡು ಮಂಚ, ಒಂದು ಬೀರು.

ಓದಿನ ಜೊತೆಗೆ ಒಂದು ವಿದೇಶಿ ಭಾಷೆ ಕಲಿಯಬೇಕೆಂಬ ನಿಯಮವಿತ್ತು. "ಅರೇಬಿಕ್ ತಗೊಳ್ಳೇ, ಇಲ್ಲೇ ಕೆಲಸ ಹುಡುಕೋಕೆ ಅನುಕೂಲ," ಎಂದ ಅಣ್ಣ. ನಾನು ಸ್ಪ್ಯಾನಿಷ್ ಆರಿಸಿಕೊಂಡೆ. ಕಾರಣವನ್ನು ಯಾರಿಗೂ ಹೇಳಲಿಲ್ಲ. ಮನೆಯಲ್ಲಿ ಅಕ್ಕತಂಗಿಯರು ತುಳುವಿನಲ್ಲಿ ಮಾತನಾಡಿಕೊಳ್ಳುತ್ತಿದ್ದರು. ಅಣ್ಣನೂ ಆ ಭಾಷೆಯಲ್ಲಿ ನಗುವುದನ್ನು ಕಲಿತಿದ್ದ. ಅವರು ನಕ್ಕು ಮುಗಿಸಿದ ಮೇಲೆ ಯಾರಾದರೂ ನನಗೆ ಕನ್ನಡದಲ್ಲಿ ವಿವರಿಸುತ್ತಿದ್ದರು. ಕೆಳಗಿನ ಬಕಾಲದಲ್ಲಿ, ಅಂದರೆ ಮೂಲೆಯ ದಿನಸಿ ಅಂಗಡಿಯಲ್ಲಿ, ಹಿಂದಿ. ಕಾಲೇಜಿನಲ್ಲಿ ಇಂಗ್ಲಿಷ್ ಮತ್ತು ಅರೇಬಿಕ್. ಪ್ರತಿ ಭಾಷೆಯಲ್ಲೂ ನನಗಿಂತ ಮುಂಚೆ ಬಂದು ಆರಾಮಾಗಿ ಕುಳಿತವರಿದ್ದರು. ಸ್ಪ್ಯಾನಿಷ್ ಮಾತ್ರ ನಮ್ಮ ಮನೆಯಲ್ಲಿ ಯಾರದ್ದೂ ಆಗಿರಲಿಲ್ಲ. ನನ್ನದೇ ಕೋಣೆ ಎಂಬುದಿಲ್ಲ, ನನ್ನದೇ ಒಂದು ಭಾಷೆಯಾದರೂ ಇರಲಿ ಎಂದುಕೊಂಡೆ.

ತರಗತಿ ಶುರುವಾದ ಎರಡನೆಯ ವಾರ ಅವಳೂ ಬಂದು ನನ್ನ ಹಿಂದಿನ ಬೆಂಚಿನಲ್ಲಿ ಕುಳಿತಳು. "ಫ್ರೆಂಚ್ ಕ್ಲಾಸ್ ಬೋರು ಮಾರಾಯ್ತಿ. ಇಲ್ಲಿ ನೀನಿದ್ದಿ ಅಲ್ಲ, ನೋಡಿ ಬರೀಬಹುದು," ಎಂದಳು. ತಮಾಷೆಗೆ ಹೇಳಿದ್ದು. ನಾನೂ ನಕ್ಕೆ. ಆದರೆ ಆ ದಿನ ಬೀರುವಿನ ನನ್ನ ಕಡೆಯ ಬಾಗಿಲನ್ನು ಯಾರೋ ಕೇಳದೆ ತೆರೆದ ಹಾಗಾಯಿತು.

ಬರವಣಿಗೆಯಲ್ಲಿ ನಾನೇ ಮೊದಲು. ಅವಳ ಉತ್ತರಪತ್ರಿಕೆ ಕೆಂಪು ಗುರುತುಗಳಿಂದ ತುಂಬಿ ಹಿಂದಿರುಗುತ್ತಿತ್ತು. ಆದರೆ ಮಾತಿನ ವಿಷಯ ಬೇರೆ. ನಾನು ಒಂದು ವಾಕ್ಯವನ್ನು ಒಳಗೇ ಕಟ್ಟಿ, ಎರಡು ಸಲ ಪರೀಕ್ಷಿಸಿ, ಬಾಯಿ ತೆರೆಯುವಷ್ಟರಲ್ಲಿ ತರಗತಿ ಮುಂದಿನ ಪಾಠಕ್ಕೆ ಹೋಗಿರುತ್ತಿತ್ತು. ಅವಳು ಕ್ರಿಯಾಪದವೇ ಇಲ್ಲದೆ ಕಥೆ ಹೇಳುತ್ತಿದ್ದಳು. ಪದ ಸಿಗದಿದ್ದರೆ ಕೈಯಲ್ಲಿ ತೋರಿಸುತ್ತಿದ್ದಳು, ಅದೂ ಸಾಲದಿದ್ದರೆ ತುಳು ಸೇರಿಸುತ್ತಿದ್ದಳು. ಟೀಚರ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನ್ನ ಪತ್ರಿಕೆ ಕೊಡುವಾಗ ಅವರು "ಬಹಳ ಚೆನ್ನಾಗಿದೆ" ಎನ್ನುತ್ತಿದ್ದರು. ನಗುತ್ತಿರಲಿಲ್ಲ.

ಟೀಚರ್ ಕೊಲಂಬಿಯಾದವರು. ಒಂದು ದಿನ ತರಗತಿ ಮುಗಿಸಿ ಕಾಗದಗಳನ್ನು ಚೀಲಕ್ಕೆ ತುಂಬುತ್ತ, "ನನ್ನ ಅಮ್ಮ ವಿಸಿಟ್ ವೀಸಾದಲ್ಲಿ ಬಂದಿದ್ದಾರೆ. ಶನಿವಾರ ಬೆಳಿಗ್ಗೆ ನನಗೂ ನನ್ನ ಗಂಡನಿಗೂ ಮನೆಯಲ್ಲಿರಲು ಆಗುವುದಿಲ್ಲ. ಅಮ್ಮನಿಗೆ ಸ್ಪ್ಯಾನಿಷ್ ಬಿಟ್ಟು ಬೇರೇನೂ ಬರದು. ನಿಮ್ಮಲ್ಲಿ ಒಬ್ಬರು ಜಾಬ್ರಿಯಾದ ನಮ್ಮ ಮನೆಗೆ ಬಂದು ಅವರ ಜೊತೆ ಮಾತನಾಡುತ್ತ ಕೂತರೆ ಅವರಿಗೂ ಹೊತ್ತು ಹೋಗುತ್ತದೆ, ನಿಮಗೂ ಭಾಷೆ ಬರುತ್ತದೆ," ಎಂದರು. ಆಮೇಲೆ ನೇರವಾಗಿ ನನ್ನನ್ನೇ ನೋಡಿ ಕೇಳಿದರು: "ನೀನು ಬರುತ್ತೀಯಾ?"

ಆ ಪ್ರಶ್ನೆಗಾಗಿಯೇ ನಾನು ಕುವೈತಿಗೆ ಬಂದಿದ್ದೆ ಎನ್ನಿಸಿತು. ತರಗತಿಯಲ್ಲಿ ಬಾಯಿ ಬಿಡಲಾಗದ ನನಗೆ, ಕಾಯುವ ವ್ಯವಧಾನವಿರುವ ಒಬ್ಬ ಮುದುಕಿ, ಶಾಂತವಾದ ಒಂದು ಕೋಣೆ. ನಾನು ಹೇಳಿದೆ: "ಪರವಾಗಿಲ್ಲ ಮೇಡಂ, ಬೇರೆ ಯಾರಿಗಾದರೂ ಬೇಕಿದ್ದರೆ ಅವರೇ ಹೋಗಲಿ."

ಹೇಳಿ ಕಾದೆ.

ನಮ್ಮ ಮನೆಯಲ್ಲಿ ಹೀಗೆಯೇ. ಯಾರ ಮನೆಗೆ ಹೋದರೂ ಮೊದಲ ಸಲ ಕಾಫಿ ಬೇಡ ಎನ್ನಬೇಕು. "ಈಗ ತಾನೇ ಕುಡಿದು ಬಂದೆವು" ಎನ್ನಬೇಕು. ಅವರು ಮತ್ತೆ ಕೇಳುತ್ತಾರೆ. ಆಗ "ಅರ್ಧ ಲೋಟ ಸಾಕು" ಎನ್ನಬೇಕು. ಮೊದಲ ಸಲವೇ ಹೂಂ ಅಂದ ಮಕ್ಕಳನ್ನು ಅಮ್ಮ ಮನೆಗೆ ಬಂದ ಮೇಲೆ ವಿಚಾರಿಸಿಕೊಳ್ಳುತ್ತಿದ್ದಳು. ಕುವೈತಿನಲ್ಲೂ ಇದರಿಂದ ನನಗೆ ನಷ್ಟವಾಗಿರಲಿಲ್ಲ. ರುಮೈಥಿಯಾದಲ್ಲಿ ಒಬ್ಬ ಕುವೈತಿ ಸಹಪಾಠಿಯ ಮನೆಗೆ ಹೋದಾಗ ಅವಳ ಅಜ್ಜಿ ಏಲಕ್ಕಿ ಕಾಫಿಯ ಪುಟ್ಟ ಬಟ್ಟಲನ್ನು, ನಾನು ಬೇಡವೆನ್ನುತ್ತಿದ್ದಂತೆಯೇ, ಕೈಗೆ ತುರುಕಿದರು. ಬಟ್ಟಲನ್ನು ಅಲ್ಲಾಡಿಸಿ ಸಾಕು ಎಂದು ತೋರಿಸುವ ತನಕ ಸುರಿಯುತ್ತಲೇ ಇದ್ದರು. ಲೋಕವೆಲ್ಲ ಎರಡು ಸಲ ಕೇಳುತ್ತದೆ ಎಂದು ನಾನು ನಂಬಿಬಿಟ್ಟಿದ್ದೆ.

ಕೊಲಂಬಿಯಾದಲ್ಲಿ ಏನು ಪದ್ಧತಿಯೋ ನನಗೆ ಗೊತ್ತಿಲ್ಲ. ಟೀಚರಿಗೆ ಮುಂದಿನ ತರಗತಿ ಇತ್ತು. "ಸರಿ," ಎಂದರು. "ಮತ್ತೆ ಯಾರು ಬರುತ್ತೀರಿ?"

"ನಾನು!" ಎಂದಿತು ನನ್ನ ಹಿಂದಿನ ಬೆಂಚು, ಸ್ಪ್ಯಾನಿಷಿನಲ್ಲಿ.

ಬಸ್ಸಿನಲ್ಲಿ ಮನೆಗೆ ಹಿಂದಿರುಗುವಾಗ ಅವಳು ಕೇಳಿದಳು, "ನೀನು ಯಾಕೆ ಬೇಡ ಅಂದದ್ದು? ಹುಚ್ಚಾ ನಿನಗೆ?"

"ಸುಮ್ಮನೆ."

"ನಮ್ಮ ಮನೆಯಲ್ಲಿ ಒಂಬತ್ತು ಜನ ಮಕ್ಕಳು ಒಟ್ಟಿಗೆ ಊಟಕ್ಕೆ ಕೂತುಕೊಳ್ಳುವುದು. ಬೇಡ ಅಂದ್ರೆ ಪಾತ್ರೆ ಮುಂದೆ ಹೋಯ್ತು. ಮತ್ತೆ ಬರುವುದೇ ಇಲ್ಲ," ಎಂದು ನಕ್ಕಳು. ಬೇಡ ಅಂದವಳಿಗೆ ಅದು ಮತ್ತೆ ಸಿಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಅವಳು ತಗೊಂಡಳು.

ಅಂದಿನಿಂದ ಶನಿವಾರ ಬಂತೆಂದರೆ ನನಗೆ ಬೆಳಗಾಗುವುದೇ ಬೇಡವಾಗುತ್ತಿತ್ತು. ಅವಳು ಹಾಡಿಕೊಳ್ಳುತ್ತ ತಲೆ ಬಾಚಿಕೊಂಡು ಹೋಗುತ್ತಿದ್ದಳು, ಮಧ್ಯಾಹ್ನ ಬೇರೆ ಯಾವುದೋ ಅಡುಗೆಮನೆಯ ವಾಸನೆ ಹೊತ್ತು ಬರುತ್ತಿದ್ದಳು. ವಾರದ ಮಧ್ಯದಲ್ಲಿ ಟೀಚರ್ ಅಮ್ಮನ, ಅವಳ ಬಾಯಲ್ಲಿ ಅಜ್ಜಿಯ, ಧ್ವನಿ ಸಂದೇಶಗಳು ಅವಳ ಫೋನಿಗೆ ಬರತೊಡಗಿದವು. ಅವಳು ಹಾಸಿಗೆಯ ಮೇಲೆ ಅಂಗಾತ ಮಲಗಿ, ಫೋನನ್ನು ಎದೆಯ ಮೇಲಿಟ್ಟುಕೊಂಡು ಜೋರಾಗಿಯೇ ಕೇಳುತ್ತಿದ್ದಳು. ಸ್ವಲ್ಪ ಗೊಗ್ಗರು, ನಿಧಾನವಾದ ಧ್ವನಿ. ಪ್ರತಿ ಸಂದೇಶವೂ "ಮಿಹಾ" ಎಂದು ಶುರುವಾಗುತ್ತಿತ್ತು. ಹಾಗೆಂದರೆ ನನ್ನ ಮಗಳೇ. ಆ ಭಾಷೆಯಲ್ಲಿ ನನ್ನನ್ನು ಯಾರೂ ಏನೆಂದೂ ಕರೆದಿರಲಿಲ್ಲ, ಹಾಜರಿ ಕೂಗುವಾಗ ಬಿಟ್ಟರೆ.

ಅಜ್ಜಿ ಹೇಳಿದ್ದರಲ್ಲಿ ಅವಳಿಗೆ ಅರ್ಧ ಅರ್ಥವಾಗುತ್ತಿರಲಿಲ್ಲ. ನನಗೆ ಪೂರ್ತಿ ಅರ್ಥವಾಗುತ್ತಿತ್ತು. ಅವರ ಮೊಣಕಾಲು ನೋವು, ಎದುರು ಮನೆಯ ಬೆಕ್ಕು, ಇಲ್ಲಿನ ಬಿಸಿಲಿಗೆ ಬಾಡಿದ ಕೊತ್ತಂಬರಿ ಗಿಡ, ಎಲ್ಲ ನನಗೆ ತಿಳಿದಿತ್ತು. ಗೋಡೆಯ ಕಡೆ ಮುಖ ಮಾಡಿ ಪುಸ್ತಕ ಹಿಡಿದುಕೊಂಡು, ನನಗೆ ಬರೆಯದ ಪತ್ರಗಳನ್ನು ಓದಿದ ಹಾಗೆ ಅವನ್ನು ಕೇಳುತ್ತಿದ್ದೆ.

"ಹೇ, ಕೊತ್ತಂಬರಿ ಬಗ್ಗೆ ಎಂತ ಹೇಳಿದ್ದು ಅವರು? ಸತ್ತುಹೋಯ್ತಾ?"

"ಬಾಡಿದೆ. ಸತ್ತಿಲ್ಲ."

"ಹಾಗಾದ್ರೆ ನೆರಳಲ್ಲಿ ಇಡಿ ಅಂತ ಹೇಗೆ ಹೇಳುವುದು? ನಾನು ಹೇಳ್ತೇನೆ, ತಪ್ಪಾದ್ರೆ ತಿದ್ದು ಆಯ್ತಾ?"

ತಿದ್ದಿಕೊಟ್ಟೆ. ಒಂದು ತಪ್ಪನ್ನೂ ಬಿಡಲಿಲ್ಲ. ಅಷ್ಟೊಂದು ಶ್ರದ್ಧೆಯಿಂದ ತಿದ್ದಿದ್ದೂ ಹೊಟ್ಟೆಕಿಚ್ಚಿನಿಂದಲೇ: ಆ ವಾಕ್ಯವಾದರೂ ನನ್ನದಾಗಿ ಜಾಬ್ರಿಯಾ ತಲುಪಲಿ ಎಂದು. ಅವಳು ಅದನ್ನು ಅರ್ಧ ಮರೆತು, ತನ್ನದೇ ರೀತಿಯಲ್ಲಿ ಕೆಡಿಸಿ ಹೇಳಿ ಕಳಿಸಿದಳು. ಮರುಕ್ಷಣವೇ ಅಜ್ಜಿಯ ನಗು ಬಂತು.

ಕುವೈತಿನಲ್ಲಿ ಶುಕ್ರವಾರ ರಜೆ. ಮಧ್ಯಾಹ್ನದ ಊಟಕ್ಕೆ ನಾಲ್ವರೂ ಮೇಜಿನ ಸುತ್ತ ಇರುತ್ತಿದ್ದೆವು. ಒಂದು ಶುಕ್ರವಾರ ಅತ್ತಿಗೆ ನೀರುದೋಸೆ ಮಾಡಿದ್ದಳು. ತಂಗಿಯ ತಟ್ಟೆಗೆ ಕೇಳದೆಯೇ ಹಾಕುತ್ತಿದ್ದಳು. ನನ್ನ ಹತ್ತಿರ ಬಂದಾಗ ಮಾತ್ರ, "ಇನ್ನೊಂದು ಹಾಕ್ತೇನೆ ಆಯ್ತಾ? ಒಂದೇ ಒಂದು. ನಾಚಿಕೆ ಮಾಡಬೇಡ," ಎನ್ನುತ್ತಿದ್ದಳು. ನನ್ನನ್ನು ಆದರಿಸುವುದಕ್ಕೇ ಹಾಗೆ ಕೇಳುತ್ತಿದ್ದಳು. ಕೇಳದೆ ಹಾಕಿಸಿಕೊಳ್ಳುವವಳನ್ನು ನೋಡಿ ನನಗೆ ಅದರಲ್ಲೂ ಹೊಟ್ಟೆ ಉರಿಯುತ್ತಿತ್ತು.

"ನಾಳೆ ಕಡೇ ಶನಿವಾರ," ಎಂದಳು ತಂಗಿ ತಿನ್ನುತ್ತಲೇ. "ಅಜ್ಜಿಯ ವೀಸಾ ಮುಗೀತದೆ, ಮಂಗಳವಾರ ಊರಿಗೆ ಹೋಗ್ತಾರೆ." ಆಮೇಲೆ ನನ್ನ ಕಡೆ ತಿರುಗಿ, "ನಿನ್ನನ್ನೂ ಕರ್ಕೊಂಡು ಬಾ ಅಂದ್ರು. ನನ್ನ ವಾಕ್ಯ ತಿದ್ದುವವಳು ಒಬ್ಬಳಿದ್ದಾಳೆ ಅಂತ ನಾನು ಹೇಳಿದ್ದೆ. ಬರ್ತೀಯಾ?" ಎಂದಳು.

ಹೋದರೆ ಅವಳ ಬಾಲವಾಗಿ, ಅವಳು ಕೊಟ್ಟದ್ದನ್ನು ತೆಗೆದುಕೊಂಡೇ ಹೋಗಬೇಕು. "ಬೇಡ. ನೀನೇ ಹೋಗಿ ಬಾ," ಎಂದೆ.

ಅವಳು ದೋಸೆ ಹರಿಯುವುದನ್ನು ನಿಲ್ಲಿಸಿದಳು. "ಇದು ಮೈಸೂರಿನ ಬೇಡವಾ, ನಿಜದ ಬೇಡವಾ?"

ಅಣ್ಣನಿಗೆ ನಗು ತಡೆಯಲಾಗಲಿಲ್ಲ. "ಒಳ್ಳೇ ಪ್ರಶ್ನೆ ಕಣಮ್ಮ! ನಮ್ಮಮ್ಮನ್ನ ಮೂವತ್ತು ವರ್ಷದಿಂದ ಅಪ್ಪ ಇದೇ ಕೇಳ್ತಿದ್ದಾರೆ."

"ಸುಮ್ನಿರಿ ನೀವು," ಎಂದು ಅತ್ತಿಗೆ ಅವನನ್ನು ಗದರಿದಳು. ತಂಗಿಗೂ ತುಳುವಿನಲ್ಲಿ ಏನೋ ಹೇಳಿದಳು.

ಅವಳು ಮಾತ್ರ ನನ್ನನ್ನೇ ನೋಡುತ್ತಿದ್ದಳು, ತಮಾಷೆಯಿಲ್ಲದೆ. ಅದು ಎರಡನೆಯ ಸಲ ಕೇಳಿದ್ದೇ. ನಾನು ಇಷ್ಟು ದಿನ ಕಾದಿದ್ದು ಅದಕ್ಕೇ. ಆದರೆ ಅದು ಬರಬೇಕಾದವರ ಬಾಯಿಂದ ಬಂದಿರಲಿಲ್ಲ.

"ನಿಜದ್ದೇ," ಎಂದೆ.

"ಸರಿ. ಹಾಗಾದ್ರೆ ಖಲಾಸ್," ಎಂದು ಅವಳು ಚಟ್ನಿಗೆ ಕೈ ಚಾಚಿದಳು.

ಸಂಜೆ ಅವಳು ಅಕ್ಕನ ಜೊತೆ ಸಮುದ್ರದ ಬಳಿಗೆ ನಡೆಯಲು ಹೋದಳು. ನಾನು ಕೋಣೆಯಲ್ಲಿ ಒಬ್ಬಳೇ ಕುಳಿತೆ. ನಿಘಂಟು, ವ್ಯಾಕರಣದ ಪುಸ್ತಕ, ಒಂದರ ಮೇಲೊಂದು ಅಂಚು ಸರಿಮಾಡಿ ಇಟ್ಟಿದ್ದ ಹಾಳೆಗಳು. ಎಲ್ಲವೂ ಸರಿಯಾಗಿದ್ದವು. ಮಂಗಳವಾರದ ನಂತರವೂ ಹಾಗೆಯೇ ಇರುತ್ತವೆ. ಒಂದು ವಾಕ್ಯವನ್ನು ಜೋರಾಗಿ ಹೇಳಿ ನೋಡಿದೆ: ನಿಮ್ಮ ಕೊತ್ತಂಬರಿ ಗಿಡ ಹೇಗಿದೆ? ಖಾಲಿ ಕೋಣೆಯಲ್ಲಿ ಅದು ಪಾಠದ ಪುಸ್ತಕದ ಹಾಗೆಯೇ ಕೇಳಿಸಿತು. ಯಾರೂ ನಗಲಿಲ್ಲ.

ಮರುದಿನ ಬೆಳಿಗ್ಗೆ ಅವಳಿಗಿಂತ ಮೊದಲೇ ಎದ್ದು ಸ್ನಾನ ಮಾಡಿದೆ. ಅಮ್ಮ ಕಳಿಸಿದ್ದ ಚಕ್ಕುಲಿಯ ಡಬ್ಬಿಯನ್ನು ನಾನು ಬೀರುವಿನಲ್ಲಿ ಬಟ್ಟೆಗಳ ಹಿಂದೆ ಇಟ್ಟುಕೊಂಡಿದ್ದೆ. ಅದನ್ನು ಹೊರಗೆ ತೆಗೆದು ಚೀಲಕ್ಕೆ ಹಾಕಿಕೊಂಡೆ. ಅವಳು ತಲೆ ಬಾಚಿಕೊಂಡು ಹೊರಗೆ ಬಂದಾಗ ನಾನು ಚಪ್ಪಲಿ ಹಾಕಿಕೊಂಡು ಲಿಫ್ಟಿನ ಬಳಿ ನಿಂತಿದ್ದೆ.

"ಓಹೋ! ನಿನ್ನೆ ನಿಜದ ಬೇಡ ಅಂದಿದ್ದಿ?"

"ನಿನ್ನೆ ನಿಜವೇ ಆಗಿತ್ತು."

ಅವಳು ಮತ್ತೇನೂ ಕೇಳಲಿಲ್ಲ. ಟ್ಯಾಕ್ಸಿಯಲ್ಲಿ ದಾರಿಯುದ್ದಕ್ಕೂ ಅವಳೇ ಮಾತನಾಡಿದಳು: ಅಜ್ಜಿಗೆ ಕಿವಿ ಸ್ವಲ್ಪ ಮಂದ, ಎಡಗಡೆ ಕೂತುಕೋ, ಸಕ್ಕರೆ ಜಾಸ್ತಿ ಹಾಕ್ತಾರೆ, ಮುಖ ಹಿಂಡಬೇಡ. ಆ ಮನೆಯ ಬಗ್ಗೆ ಅವಳಿಗೆ ಇಷ್ಟೆಲ್ಲ ಗೊತ್ತಿರುವುದು ಕೇಳುತ್ತ ಕೇಳುತ್ತ ನನಗೆ ಮತ್ತೆ ಉರಿಯಿತು. ಜಾಬ್ರಿಯಾದ ಕಟ್ಟಡದ ಕಾವಲುಗಾರ ಅವಳನ್ನು ಗುರುತಿಸಿ ಕೈ ಎತ್ತಿದ. ಮೆಟ್ಟಿಲಿನ ಬಳಿಯ ಕುಂಡದಲ್ಲಿ, ನೆರಳಿನಲ್ಲಿ, ಒಂದು ಕೊತ್ತಂಬರಿ ಗಿಡವಿತ್ತು.

ಎರಡನೆಯ ಮಹಡಿಯ ಬಾಗಿಲ ಮುಂದೆ ಅವಳು ಅಭ್ಯಾಸಬಲದಿಂದ ಕೈ ಎತ್ತಿದಳು. ನಾನು ಅವಳ ತೋಳಿನ ಕೆಳಗಿನಿಂದ ಕೈ ಚಾಚಿ, ಮೊದಲು ಗಂಟೆ ಒತ್ತಿದೆ.