ಧಾರೆ ಸೀರೆಯೊಳಗಿನ ಕೆಂಪು ಸೋಪು

ತೊಂಬತ್ತರ ದಶಕದಲ್ಲಿ ನಾನು ಕೈ ತೊಳೆಯುವುದನ್ನು ಕಲಿಸುವ ಕೆಲಸದಲ್ಲಿದ್ದೆ. ನಗಬೇಡಿ, ಅದಕ್ಕೂ ಸಂಬಳವಿತ್ತು. ತೆರಕಣಾಂಬಿಯಲ್ಲಿ ಬಸ್ಸಿಳಿದು ಎರಡು ಮೈಲಿ ನಡೆದರೆ ಸಿಗುವ ಊರು. ಮನೆಗೊಂದು ಕೆಂಪು ಸೋಪು ಹಂಚಿ, ಉಣ್ಣುವ ಮುಂಚೆ, ಬಯಲಿಗೆ ಹೋಗಿಬಂದ ಮೇಲೆ ಕೈ ತೊಳೆಯಿರಿ ಎಂದು ಗಂಟಲು ಹರಿಯುವಂತೆ ಹಾಡಿದ್ದೆ. ಕೆಲಸ ತಾತ್ಕಾಲಿಕ. ಎರಡು ತಿಂಗಳಾದ ಮೇಲೆ ಚಾಮರಾಜನಗರದಿಂದ ಸಾಹೇಬರು ಬಂದು ನೋಡಿ ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. ನನಗೋ ಆ ಕೆಲಸವೇ ಪ್ರಾಣ. ಅದು ಹೋದರೆ ಮತ್ತೆ ಅತ್ತೆಯ ಕಣ್ಗಾವಲಲ್ಲಿ ಹಟ್ಟಿ ಗುಡಿಸುವುದೇ ಗತಿ.

ಸಾಹೇಬರು ಬರುವ ಹಿಂದಿನ ದಿನ ಮನೆಮನೆ ಸುತ್ತಿದೆ. ಒಂದು ಬಚ್ಚಲಲ್ಲಾದರೂ ಸೋಪಿರಬೇಕಲ್ಲ! ಕೊನೆಗೆ ಒಬ್ಬ ಅಜ್ಜಿ ಟ್ರಂಕು ತೆಗೆದು, ಧಾರೆ ಸೀರೆಯ ಮಡಿಕೆಯಿಂದ ಸೋಪನ್ನೆತ್ತಿ ತೋರಿಸಿದರು. ಸುತ್ತಿದ ಕಾಗದ ಕೂಡ ಬಿಚ್ಚಿರಲಿಲ್ಲ.

"ಇದ್ಯಾಕಜ್ಜಿ ಇಲ್ಲಿಟ್ಟಿದ್ದೀರಿ?"

"ಇಂಥ ಸೋಪ ಕೈಗಾಕಿ ಆಳ್ ಮಾಡಾದಾ? ಸೀರೆ ಮೂಸ್ನೋಡವ್ವ, ಎಂಗೆ ಗಮ್ ಅಂತದೆ! ಕೈಗೆ ಬೂದಿ ಅದೆಯಲ್ಲ."

ಊರಿಗೂರೇ ಹಾಗೆ ಮಾಡಿತ್ತು. ಜಗಲಿಯ ಮೇಲೆ ಕುಸಿದು ಅತ್ತೇಬಿಟ್ಟೆ. "ನಾಳೆ ಸಾಹೇಬರು ಬಂದು ಈ ಸೋಪು ನೋಡಿದರೆ ನನ್ನ ಕೆಲಸ ಹೋಯ್ತು ಕಣಜ್ಜಿ."

"ಅಷ್ಟೇಯಾ? ಸೋಪು ಸವ್ದಿರ್ಬೇಕು ತಾನೆ? ಸವಿಸ್ಬುಟ್ರಾಯ್ತು. ಅಳಬ್ಯಾಡ ಬುಡು ಕಣಮ್ಮಿ."

ಸಂಜೆಗೆ ಹೆಂಗಸರೆಲ್ಲ ಬೋರ್‌ವೆಲ್ ಮುಂದಿನ ಕಲ್ಲುಹಾಸಿನಲ್ಲಿ ಕುಳಿತು, ಗಂಧ ತೇಯುವಂತೆ ಸೋಪು ತೇಯತೊಡಗಿದರು. ನೊರೆ ಮೋರಿ ತುಂಬಿ ಬೀದಿಗೆ ಹರಿಯಿತು. ಕೋಳಿಗಳು ದಿಕ್ಕೆಟ್ಟು ಸೂರು ಹತ್ತಿದವು.

"ಅಯ್ಯೋ, ನನ್ದು ಜಾಸ್ತಿ ಸವ್ದೋಯ್ತಲ್ಲವ್ವಾ!" ಎಂದು ಒಬ್ಬಳು ಗೋಳಾಡಿದಳು.

"ನಮ್ಮನೇಲಿ ಜನ ಜಾಸ್ತಿ ಅಂತ ಯೋಳ್ಬುಡು," ಎಂದಳು ಪಕ್ಕದವಳು.

ಎರಡು ತಿಂಗಳು ಹಾಡಿದರೂ ತೊಳೆಯದ ಕೈಗಳು ಆ ಸಂಜೆ ಮೊಣಕೈವರೆಗೂ ಸ್ವಚ್ಛವಾಗಿದ್ದವು.

ಮರುದಿನ ಸಾಹೇಬರು ಪ್ರತಿ ಮನೆಯ ಸೋಪಿನ ಚೂರನ್ನೂ ಬೆಳಕಿಗೆ ಹಿಡಿದು ನೋಡಿದರು. ಇಂಥ ಊರನ್ನು ಇಡೀ ಗುಂಡ್ಲುಪೇಟೆ ತಾಲ್ಲೂಕಿನಲ್ಲೇ ಕಂಡಿಲ್ಲ ಎಂದರು. ನಾನು ಹಿರಿಹಿರಿ ಹಿಗ್ಗಿದೆ. ಜೀಪು ಹತ್ತುವಾಗ ನನ್ನತ್ತ ತಿರುಗಿದರು.

"ಇವರು ಪೂರ್ತಿ ಕಲಿತುಬಿಟ್ಟಿದ್ದಾರಮ್ಮ. ಇನ್ನು ಕಲಿಸೋರು ಯಾಕೆ? ಮುಂದಿನ ತಿಂಗಳಿಂದ ನೀವು ಬರೋದು ಬೇಡ."

ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ! ನಿಜ ಹೇಳೋಣವೆಂದು ಬಾಯಿ ತೆರೆದೆ. ಹೇಳಿದರೆ ಸುಳ್ಳಿಗಾಗಿ ಕೆಲಸ ಹೋಗುತ್ತದೆ, ಹೇಳದಿದ್ದರೆ ಮೆಚ್ಚುಗೆಗಾಗಿ ಹೋಗುತ್ತದೆ. ಸುಮ್ಮನೆ ಕೈ ಮುಗಿದೆ.

ಕೊನೆಯ ದಿನ ಅಜ್ಜಿ ಬಸ್ಸಿನವರೆಗೂ ನಡೆದು ಬಂದರು. ಸೆರಗಿನ ಗಂಟು ಬಿಚ್ಚಿ ಒಂದು ಇಡೀ ಸೋಪನ್ನು ನನ್ನ ಕೈಗಿಟ್ಟರು.

"ಅವತ್ತು ನಾ ತೇದಿದ್ದು ಪಕ್ಕದ್ಮನೆ ಸೋಪ್ನಲ್ಲಿ ಅರ್ಧ. ಇದ್ನ ತೇಯಕ್ಕೆ ಮನ್ಸು ಬರ್ನಿಲ್ಲ. ನೀನೇ ಮಡಿಕ್ಕೊ ಕಣಮ್ಮಿ."

ಮನೆಗೆ ಹೋಗಿ ಟ್ರಂಕು ತೆಗೆದೆ. ನನ್ನ ಧಾರೆ ಸೀರೆಯ ಮಡಿಕೆಯಲ್ಲಿ ಅದನ್ನಿಟ್ಟೆ. ಇವತ್ತಿಗೂ ಕಾಗದ ಬಿಚ್ಚಿಲ್ಲ.