ಅಜ್ಜಿಯ ಪಾತ್ರದಲ್ಲಿ ಫೂಲಮತಿ

ಮಳೆಗೆ ನೆನೆದ ಜಮಖಾನವನ್ನು ಮಗ ಬಾಲ್ಕನಿಯಲ್ಲಿ ಹರವಿದ್ದಾನೆ. ಆ ಮುಗ್ಗಲು ವಾಸನೆಗೆ ಮೂಗು ಮುಚ್ಚಿಕೊಳ್ಳಬೇಕಾದ ನಾನು ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದೇನೆ. ನಗಬೇಡಿ. ಕಾಶಿಯ ಶಿವಾಲ ಬಡಾವಣೆಯಲ್ಲಿದ್ದ ನಮ್ಮ ಮನೆಯ ಹಜಾರಕ್ಕೆ ಇದೇ ವಾಸನೆಯಿತ್ತು.

ಅಪ್ಪ ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಪಿಂಡ, ತರ್ಪಣ ಮಾಡಿಸುತ್ತಿದ್ದರು. ಬೇಸಿಗೆಯ ಲೂ ಎಂಬ ಬಿಸಿಗಾಳಿಗೆ ಹೆದರಿ ಯಾತ್ರಿಕರು ಬಾರದ ದಿನಗಳಲ್ಲಿ ಹಜಾರ ಖಾಲಿ. ತೊಂಬತ್ತರ ದಶಕದ ಮೊದಲಲ್ಲಿ, ಅಂಥದೊಂದು ಬೇಸಿಗೆಯಲ್ಲಿ, ವಸುಂಧರಕ್ಕ ಅದನ್ನು ನಾಟಕದ ತಾಲೀಮಿಗೆ ಕೇಳಿದರು. ಧಾರವಾಡದವರು, ಗಂಡ ವಿಶ್ವವಿದ್ಯಾಲಯದಲ್ಲಿ ಮೇಷ್ಟರು. ಆಕೆಯ ತಂಡದಲ್ಲಿದ್ದವರೆಲ್ಲ ಬೀದಿ ಗುಡಿಸುವ, ಪಾಯಖಾನೆ ತೊಳೆಯುವ ಬಸ್ತಿಯ, ಅಂದರೆ ಕೇರಿಯ, ಹೆಂಗಸರು. ಅಪ್ಪ ಅಜ್ಜಿಯ ಮುಖ ನೋಡಿದರು. "ಹಿತ್ತಲ ಬಾಗಿಲಿಂದ ಬರಲಿ," ಅಂದರು ಅಜ್ಜಿ. ಅಷ್ಟಾದರೂ ಆಯಿತಲ್ಲ ಎಂದು ವಸುಂಧರಕ್ಕ ಒಪ್ಪಿಕೊಂಡರು. ನನ್ನನ್ನೂ ತಂಡಕ್ಕೆ ಸೇರಿಸಿಕೊಂಡರು.

ಯಾರೂ ತಮ್ಮ ಬಾಳನ್ನು ತಾವೇ ಆಡಬಾರದು ಎಂಬುದು ಆಕೆಯ ನಿಯಮ. ಹಾಗಾಗಿ ದಿನಾ ಬೆಳಿಗ್ಗೆ ನಮ್ಮ ಪಾಯಖಾನೆ ತೊಳೆಯುತ್ತಿದ್ದ ಫೂಲಮತಿಗೆ ಮಡಿಹೆಂಗಸಿನ ಪಾತ್ರ, ಮಡಿಹೆಂಗಸಿನ ಮೊಮ್ಮಗಳಾದ ನನಗೆ ಪೊರಕೆ. ನಾನು ಪೊರಕೆ ಹಿಡಿದ ಚಂದಕ್ಕೆ ಬಸ್ತಿಯವರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಫೂಲಮತಿ ಮಾತ್ರ ಥೇಟ್ ಅಜ್ಜಿ! ಸೆರಗು ಮುದುರಿಕೊಳ್ಳುವುದೇನು, ಮೂಗು ಮೇಲೆತ್ತುವುದೇನು!

ಅಜ್ಜಿ ಜಪಮಾಲೆ ಹಿಡಿದು ಒಳಬಾಗಿಲಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದರು. ಫೂಲಮತಿ ನನ್ನ ಬೊಗಸೆಗೆ ನೀರು ಹೊಯ್ಯುವ ದೃಶ್ಯ ಬಂದಾಗ ಅವರಿಗೆ ತಡೆಯಲಾಗಲಿಲ್ಲ. "ಅಷ್ಟು ಕೆಳಗಿಂದ ಯಾರೇ ಹೊಯ್ತಾರೆ? ಮೈಲಿಗೆ ಆಗಲ್ವೆ?" ಎಂದು ಒಳಗಿಂದ ತಂಬಿಗೆ ತಂದು ತಾವೇ ಹೊಯ್ದು ತೋರಿಸಿದರು.

"ಔರ್ ಊಪರ್ ಸೆ, ಅಮ್ಮಾ," ಎಂದಳು ಫೂಲಮತಿ. "ಸಬೇರೆ ತೋ ಆಪ್ ಔರ್ ಊಪರ್ ಸೆ ದೇತೀ ಹೈಂ." ಬೆಳಿಗ್ಗೆ ಇನ್ನೂ ಮೇಲಿಂದ ಕೊಡ್ತೀರಲ್ಲ, ಅಂತ. ಚುಚ್ಚುಮಾತಲ್ಲ, ಪಾತ್ರ ಸರಿಯಾಗಿ ಬರಬೇಕೆಂಬ ಕಾಳಜಿ.

ಅಜ್ಜಿ ಕೈ ಎತ್ತಿದರು. ನೀರು ನನ್ನ ಮೊಣಕೈಯಿಂದಿಳಿದು ಬಟ್ಟೆಯೆಲ್ಲ ತೋಯಿತು. ಬಾಯಿಗೆ ಬಂದದ್ದು ನಾಲ್ಕು ಹನಿ. ಅಜ್ಜಿ ಕುಕ್ಕರಗಾಲಲ್ಲಿ ಕೂತ ನನ್ನನ್ನೇ ನೋಡಿದರು. ತಂಬಿಗೆ ಕೆಳಗಿಟ್ಟು ಒಳಗೆ ಹೋದರು.

ಹಜಾರವೂ ಹೋಯಿತು, ಫೂಲಮತಿಯ ಕೆಲಸವೂ ಹೋಯಿತು ಅಂದುಕೊಂಡೆವು. ಮಾರನೆಯ ಬೆಳಿಗ್ಗೆ ಅವಳು ಎಂದಿನಂತೆ ಬೊಗಸೆಯೊಡ್ಡಿ ಕೂತಳು. ಅಜ್ಜಿ ತಂಬಿಗೆಯನ್ನು ಅವಳ ಕೈಗೇ ಕೊಟ್ಟರು. ನನ್ನ ಕಣ್ಣು ತುಂಬಿತು. ಆಮೇಲೆ ಅಜ್ಜಿ ನೆಟ್ಟಗೆ ಬಚ್ಚಲಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡರು. ಸುಳ್ಳೇಕೆ ಹೇಳಲಿ? ಅಂದಿನಿಂದ ದಿನವೂ ಹೀಗೇ, ಅವಳ ಕೈಗೆ ತಂಬಿಗೆ, ತಮ್ಮ ತಲೆಗೆ ನೀರು. ವಸುಂಧರಕ್ಕ ಹಣೆ ಚಚ್ಚಿಕೊಂಡರು. ಫೂಲಮತಿ ಪೊರಕೆ ಹಿಡಿದು ತನ್ನ ಕೆಲಸಕ್ಕೆ ನಡೆದಳು.

ಘಾಟಿನ ಮೆಟ್ಟಿಲ ಮೇಲೆ ನಾಟಕವಾಯಿತು. ಮೊಮ್ಮಗಳನ್ನು ನೋಡುವ ನೆಪದಲ್ಲಿ ಅಜ್ಜಿಯೂ ಬಂದರು. ಫೂಲಮತಿ ತಾಲೀಮಿನಂತೆ ಮೇಲಿಂದ ಹೊಯ್ಯದೆ ತಂಬಿಗೆಯನ್ನು ನನ್ನ ಕೈಗಿತ್ತಳು. ನಾನು ತಬ್ಬಿಬ್ಬಾದೆ. ಕುಡಿದು ಮುಗಿಸುವಷ್ಟರಲ್ಲಿ ಅವಳು ಇನ್ನೊಂದು ತಂಬಿಗೆ ಎತ್ತಿ, "ಗಂಗೇ ಗಂಗೇ" ಎನ್ನುತ್ತ ತಲೆಯ ಮೇಲೆ ಸುರಿದುಕೊಂಡಳು. ಜನ ಬಿದ್ದು ಬಿದ್ದು ನಕ್ಕರು. ಸೆರಗು ಬಾಯಿಗಿಟ್ಟುಕೊಂಡು ಅಜ್ಜಿಯೂ ನಗತೊಡಗಿದರು. ನಡುವೆಯೇ ಆ ನಗು ನಿಂತಿತು.

ಮರುದಿನ ಫೂಲಮತಿ ನೀರು ಕುಡಿದು ಪೊರಕೆ ಹಿಡಿದಳು. ಅಜ್ಜಿ ಬಚ್ಚಲಿನತ್ತ ತಿರುಗಲಿಲ್ಲ. ಮಣೆ ಎಳೆದುಕೊಂಡು ಸೊಪ್ಪು ಬಿಡಿಸಲು ಕೂತರು. ಪೊರಕೆಯ ಸದ್ದು ನಿಂತಿತು.

"ಅಮ್ಮಾ, ಆಜ್ ನಹಾಯೇಂಗೀ ನಹೀಂ?" ಇವತ್ತು ಸ್ನಾನ ಇಲ್ಲವೇ?

"ಠಂಡ್ ಹೈ," ಎಂದರು ಅಜ್ಜಿ, ತಲೆಯೆತ್ತದೆ. ಜ್ಯೇಷ್ಠ ಮಾಸ, ಬೆಳಗಿನ ಹೊತ್ತಿಗೇ ನೆಲ ಕಾದು ಕೂತಿತ್ತು. ಅವರಿಗೆ ಚಳಿಯಂತೆ!

ಇಷ್ಟು ವರ್ಷ ಇದನ್ನು ಅಜ್ಜಿ ಬದಲಾದ ಕತೆಯೆಂದೇ ಹೇಳಿಕೊಂಡು ಬಂದೆ. ಇವತ್ತು ನಿಮಗೆ ಹೇಳುತ್ತಾ ಬೇರೆಯೇ ಅನ್ನಿಸುತ್ತಿದೆ. ನೀರು ಕುಡಿದು ಬಾಯಿ ಒರೆಸಿಕೊಳ್ಳುವಷ್ಟರಲ್ಲಿ ಬಚ್ಚಲಿನ ಸದ್ದು ಕೇಳಿಸಿಕೊಂಡು, ಅಷ್ಟು ದಿನ ಸುಮ್ಮನೆ ಪೊರಕೆ ಆಡಿಸಿದವಳು ಫೂಲಮತಿ. ನನಗೆ ಆಗ ಬರೀ ಅಜ್ಜಿ ಕಂಡಿದ್ದರು.