ಇಪ್ಪತ್ತೇಳು ಮೀಟರ್ ಬ್ರೇಕ್ ಗುರುತು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಅರಕಲಗೂಡಿನ ಒಂದು ಕಾಲೇಜಿನಲ್ಲಿ ಪಿಯುಸಿಗೆ ಭೌತಶಾಸ್ತ್ರ ಹೇಳಿಕೊಡುತ್ತಿದ್ದೆ. ಸರಳರೇಖೆಯ ಚಲನೆಯ ಪಾಠ ಬಂತೆಂದರೆ ಬೋರ್ಡಿನ ಮೇಲೆ ಬರೀ ಬಸ್ಸುಗಳೇ. ಬ್ರೇಕ್ ಹಾಕಿಸುವುದು, ಎಷ್ಟು ದೂರದಲ್ಲಿ ನಿಂತಿತು ಎಂದು ಕೇಳುವುದು. ನನ್ನ ಬಸ್ಸುಗಳಿಗೆ ಯಾರೂ ಅಡ್ಡ ಬರುತ್ತಿರಲಿಲ್ಲ. ಲೆಕ್ಕವನ್ನು ಮಾತ್ರ ನಾನು ಯಾರಿಗೂ ಬಿಡಿಸಿಕೊಡುತ್ತಿರಲಿಲ್ಲ. ಕೇಳಿದವರ ಕೈಗೇ ಚಾಕ್‌ಪೀಸು ಕೊಡುತ್ತಿದ್ದೆ.

ಒಂದು ಮಧ್ಯಾಹ್ನ ತರಗತಿ ಖಾಲಿಯಾದ ಮೇಲೂ ಒಬ್ಬ ಹುಡುಗಿ ಉಳಿದಳು. ಅವಳ ಅಪ್ಪ ಕೊಣನೂರು ದಾರಿಯ ಖಾಸಗಿ ಬಸ್ಸಿನ ಡ್ರೈವರ್. ಹಿಂದಿನ ವಾರ ಆ ಬಸ್ಸು ಒಬ್ಬ ಸೈಕಲ್ ಸವಾರನಿಗೆ ಗುದ್ದಿತ್ತು. ಆತ ಕಾಲು ಮುರಿದುಕೊಂಡು ಹಾಸನದ ಆಸ್ಪತ್ರೆಯಲ್ಲಿದ್ದ. ಊರೆಲ್ಲ ಅದೇ ಮಾತು.

"ನಲವತ್ತೈದರ ಮೇಲೆ ಓಡಿಸ್ನಿಲ್ಲ ಅಂತ ಅಪ್ಪ ದೇವರ ಪಟ ಮುಟ್ಟಿ ಯೋಳವ್ರೆ ಮಿಸ್. ನಂಬಬೇಕೋ ಬ್ಯಾಡ್ವೋ ಗೊತ್ತಾಯ್ತಿಲ್ಲ. ರೋಡಲ್ಲಿ ಬ್ರೇಕ್ ಗುರುತು ಇನ್ನೂ ಐತೆ. ಅವ್ವನ ಟೈಲರ್ ಟೇಪಲ್ಲಿ ಅಳ್ದೆ. ಇಪ್ಪತ್ತೇಳು ಮೀಟರ್. ಅದ್ರಲ್ಲಿ ಸ್ಪೀಡ್ ಎಷ್ಟಿತ್ತು ಅಂತ ಲೆಕ್ಕ ಹಾಕ್ಬೋದಾ?"

ಬೇಡ ಎನ್ನಬೇಕಿತ್ತು. ಅಭ್ಯಾಸಬಲದಿಂದ ಚಾಕ್‌ಪೀಸು ಕೊಟ್ಟುಬಿಟ್ಟೆ.

ಒಣಗಿದ ಟಾರು ರಸ್ತೆಯಲ್ಲಿ ಬ್ರೇಕ್ ಒತ್ತಿದರೆ ವೇಗ ಎಷ್ಟರ ದರದಲ್ಲಿ ಇಳಿಯುತ್ತದೆ ಎಂಬುದಕ್ಕೆ ಆರು ಎಂದು ಹಾಕಿಕೊಳ್ಳಿ ಅಂತ ನಾನೇ ಹೇಳಿಕೊಟ್ಟಿದ್ದೆ. ಅವಳು ಅದನ್ನೇ ಹಾಕಿದಳು. ಬಾಯಿಲೆಕ್ಕದಲ್ಲಿ ನನ್ನನ್ನು ಹಿಡಿಯುವವರಿಲ್ಲ ಎಂಬ ಜಂಬ ನನಗೆ. ಅವಳು ಎರಡನೆಯ ಸಾಲು ಬರೆಯುವಷ್ಟರಲ್ಲಿ ಉತ್ತರ ನನ್ನ ತಲೆಯಲ್ಲಿತ್ತು. ಈ ಹುಡುಗಿ ಎಲ್ಲಾದರೂ ತಪ್ಪಲಿ ದೇವರೇ ಎಂದುಕೊಂಡೆ. ಅವಳು ತಪ್ಪಲಿಲ್ಲ. ವೇಗದ ವರ್ಗ ಮುನ್ನೂರ ಇಪ್ಪತ್ನಾಲ್ಕು. ವರ್ಗಮೂಲ ಹದಿನೆಂಟು, ಅಂದರೆ ಸೆಕೆಂಡಿಗೆ ಹದಿನೆಂಟು ಮೀಟರ್. ಗಂಟೆಗೆ ಎಷ್ಟು ಕಿಲೋಮೀಟರ್ ಎಂದು ತಿಳಿಯಲು ಮೂರು ಪಾಯಿಂಟ್ ಆರರಿಂದ ಗುಣಿಸಿದಳು. ಅರವತ್ನಾಲ್ಕು ಪಾಯಿಂಟ್ ಎಂಟು.

ನನಗೆ ಅವಳ ಮುಖ ನೋಡಲಾಗಲಿಲ್ಲ.

"ಅಲ್ಲಮ್ಮ, ರಸ್ತೆ ನೆಂದಿದ್ರೆ ಟೈರು ಜಾರುತ್ತೆ. ಆಗ ಆರಲ್ಲ, ಮೂರು ಹಾಕ್ಬೇಕು. ನಲವತ್ತಾರರ ಹತ್ತಿರ ಬರುತ್ತೆ ನೋಡು. ನಿಮ್ಮಪ್ಪ ಹೇಳಿದ್ದು ಸರಿಯಾಗೇ ಇದೆ," ಎಂದೆ. ಅಪಘಾತವಾದ ವಾರವೆಲ್ಲ ನಾನು ಮಹಡಿಯ ಮೇಲೆ ಹಪ್ಪಳ ಒಣಗಿಸಿದ್ದೆ. ಮೋಡದ ಸುಳಿವೂ ಇರಲಿಲ್ಲ. ಆದರೂ ನಾಲಿಗೆ ತಡವರಿಸಲಿಲ್ಲ.

ಅವಳು ಆರನ್ನು ಒರೆಸಿ ಮೂರು ಬರೆದಳು. ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಮತ್ತೆ ಒರೆಸಿ ಆರು ಬರೆದಳು.

"ಅವತ್ತು ಮಳೆ ಉಯ್ದಿರ್ನಿಲ್ಲ ಮಿಸ್," ಎಂದಳು. "ನಿಮ್ಗೂ ಗೊತ್ತು."